ವಾರಂಟಿ ಕೈತಪ್ಪದಂತೆ ಲ್ಯಾಪ್‌ಟಾಪ್ ಬಿಚ್ಚುವುದು: ಕರಾವಳಿಯವರಿಗಾಗಿ ಸಮಗ್ರ ಮಾರ್ಗದರ್ಶಿ

ಕಾರವಾರ, ಕುಮಟಾ, ಹೊನ್ನಾವರ ಕಡೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಫ್ಯಾನ್ ಸದ್ದು ಮಾಡುತ್ತಿದೆ ಅಂತ ಮುಚ್ಚಳ ತೆಗೆದೆ, ಯುಎಸ್‌ಬಿ ಪಕ್ಕದ ಕ್ಲಿಪ್ ಮುರಿಯಿತು. ರ‍್ಯಾಮ್ ಹಾಕಿದೆ, ಈಗ ಆನ್ ಆಗುತ್ತಿಲ್ಲ. ಸರ್ವಿಸ್ ಸೆಂಟರ್‌ಗೆ ಒಯ್ದರೆ ‘ನೀವೇ ಬಿಚ್ಚಿದ್ದೀರಿ, ವಾರಂಟಿ ಸಿಗುವುದಿಲ್ಲ’ ಎಂದರು.

ಇವರಲ್ಲಿ ಹೆಚ್ಚಿನವರ ಕೈ ಚೆನ್ನಾಗಿಯೇ ಇರುತ್ತದೆ. ತಪ್ಪುವುದು ಕೆಲಸದ ಕ್ರಮ. ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಮುಗಿಯಬೇಕಾದ ಕೆಲಸವನ್ನು ಬಿಟ್ಟು, ನೇರ ಸ್ಕ್ರೂಗೆ ಕೈ ಹಾಕುತ್ತಾರೆ. ಹೆಚ್ಚಿನ ಕಂಪನಿಗಳಲ್ಲಿ ಬರೀ ಮುಚ್ಚಳ ತೆಗೆದ ಕಾರಣಕ್ಕೆ ವಾರಂಟಿ ಹೋಗುವುದಿಲ್ಲ. ಬಿಚ್ಚುವಾಗ ಏನಾದರೂ ಹಾಳಾದರೆ ಅಥವಾ ಆ ಹಾಳು ನಿಮ್ಮಿಂದ ಆದದ್ದಲ್ಲ ಎಂದು ತೋರಿಸಲು ನಿಮ್ಮ ಬಳಿ ಏನೂ ಇಲ್ಲದಿದ್ದರೆ ಹೋಗುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಹಂತ 1: ಮೊದಲು ವಾರಂಟಿ ಓದಿ

ಲ್ಯಾಪ್‌ಟಾಪ್ ಬೋರಲು ಹಾಕಿ. ತಳದಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಡೆಲ್‌ನವರು ಅದನ್ನೇ ಸರ್ವಿಸ್ ಟ್ಯಾಗ್ ಎನ್ನುತ್ತಾರೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಕಂಪನಿಯ ವೆಬ್‌ಸೈಟಿನ ವಾರಂಟಿ ಪುಟದಲ್ಲಿ ಆ ನಂಬರ್ ಹಾಕಿದರೆ ವಾರಂಟಿ ಯಾವತ್ತು ಮುಗಿಯುತ್ತದೆ, ಅದು ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿಯೋ, ನೀವೇ ಹೊತ್ತೊಯ್ಯಬೇಕಾದ ಕ್ಯಾರಿ‑ಇನ್ ವಾರಂಟಿಯೋ ಎಂದು ಗೊತ್ತಾಗುತ್ತದೆ. ನಮ್ಮ ಜಿಲ್ಲೆಯವರಿಗೆ ಇದು ಸಣ್ಣ ವಿಷಯವಲ್ಲ. ಕ್ಯಾರಿ‑ಇನ್ ಆದರೆ ಹುಬ್ಬಳ್ಳಿಗೋ ಗೋವಾಕ್ಕೋ ಒಂದು ದಿನ ಎತ್ತಿಡಬೇಕಾಗಬಹುದು. ಆನ್‌ಸೈಟ್ ಇದ್ದರೆ ಫ್ಯಾನ್, ಬ್ಯಾಟರಿಯಂಥ ಕೆಲಸವನ್ನು ಅವರಿಂದಲೇ ಮಾಡಿಸಿಕೊಳ್ಳಿ, ಸುಮ್ನೆ ಬಿಚ್ಚಬೇಡಿ.

ನಂತರ ವಾರಂಟಿ ಷರತ್ತುಗಳಲ್ಲಿ ಮೂರು ಸಂಗತಿ ಹುಡುಕಿ. ಒಂದು, ಗ್ರಾಹಕರೇ ಬದಲಿಸಬಹುದಾದ ಭಾಗಗಳ ಪಟ್ಟಿ. ಲೆನೊವೊ ಇವನ್ನು ಸಿಆರ್‌ಯು ಎಂದೂ ಎಚ್‌ಪಿ ಕಸ್ಟಮರ್ ಸೆಲ್ಫ್ ರಿಪೇರ್ ಭಾಗಗಳು ಎಂದೂ ಕರೆಯುತ್ತವೆ. ಎರಡು, ಗ್ರಾಹಕರಿಂದ ಆದ ಹಾನಿಯ ಬಗ್ಗೆ ಏನು ಬರೆದಿದ್ದಾರೆ. ಮೂರು, ನೀರು ಮತ್ತು ತುಕ್ಕಿನ ಬಗ್ಗೆ ಏನಿದೆ. ಈ ಮೂರನೆಯದನ್ನು ಕಡಲ ತೀರದವರು ಎರಡು ಸಲ ಓದಬೇಕು. ಮಾಮೂಲಿ ವಾರಂಟಿಯಲ್ಲಿ ನೀರಿನ ಹಾನಿಗೆ ಜಾಗವಿಲ್ಲ. ಅದಕ್ಕೆ ಬೇರೆ ದುಡ್ಡು ಕೊಟ್ಟು ಆಕ್ಸಿಡೆಂಟಲ್ ಡ್ಯಾಮೇಜ್ ರಕ್ಷಣೆ ತಗೊಂಡಿರಬೇಕು.

ಈಗ ಕಸ್ಟಮರ್ ಕೇರ್‌ಗೆ ಇಮೇಲ್ ಅಥವಾ ಚಾಟ್‌ನಲ್ಲಿ ಕೇಳಿ. ಮಾಡೆಲ್, ಸೀರಿಯಲ್ ನಂಬರ್ ಬರೆದು, ‘ತಳದ ಮುಚ್ಚಳ ತೆಗೆದು ರ‍್ಯಾಮ್ ಸೇರಿಸಿದರೆ ವಾರಂಟಿ ಮುಂದುವರಿಯುತ್ತದೆಯೇ?’ ಎಂದು ಒಂದೇ ಪ್ರಶ್ನೆ ಕೇಳಿ. ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಫೋನಿನಲ್ಲಿ ‘ಹೌದು ಸರ್, ತೊಂದ್ರೆ ಇಲ್ಲ’ ಎಂದದ್ದು ನಾಳೆ ಲೆಕ್ಕಕ್ಕೆ ಬರುವುದಿಲ್ಲ.

ಯಾವುದಾದರೂ ಸ್ಕ್ರೂ ಮೇಲೆ ಸ್ಟಿಕ್ಕರ್ ಅಂಟಿಸಿದ್ದರೆ ಅದನ್ನು ಮುಟ್ಟುವ ಮೊದಲೂ ಇದೇ ದಾರಿ. ಸ್ಟಿಕ್ಕರ್ ಕಂಪನಿಯದ್ದೋ ಮಾರಿದ ಅಂಗಡಿಯದ್ದೋ ನೋಡಿ, ಅವರನ್ನೇ ಬರಹದಲ್ಲಿ ಕೇಳಿ. ‘ಇಂಥ ಸ್ಟಿಕ್ಕರ್‌ಗೆ ಬೆಲೆಯೇ ಇಲ್ಲ’ ಎನ್ನುವ ಯೂಟ್ಯೂಬ್ ವಿಡಿಯೋಗಳು ತುಂಬ ಇವೆ. ಅವರು ಹೇಳುವುದು ಅಮೆರಿಕದ ಕಾನೂನು. ಇಲ್ಲಿನ ಜಗಳದಲ್ಲಿ ಅದು ಕೈಹಿಡಿಯುವುದಿಲ್ಲ. ಹೇರ್‌ ಡ್ರೈಯರ್‌ನಿಂದ ಬಿಸಿ ಮಾಡಿ ಸ್ಟಿಕ್ಕರ್ ಎಬ್ಬಿಸಿ ಮತ್ತೆ ಅಂಟಿಸುವ ಉಪಾಯವೂ ಬೇಡ. ಸಿಕ್ಕಿಬಿದ್ದರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಹಂತ 2: ಎಷ್ಟರವರೆಗೆ ಬಿಚ್ಚುತ್ತೀರಿ, ಮೊದಲೇ ತೀರ್ಮಾನಿಸಿ

ವಾರಂಟಿ ಇರುವಾಗ ಮನೆಯಲ್ಲಿ ಮಾಡಬಹುದಾದ ಕೆಲಸ ಮೂರೇ: ಫ್ಯಾನಿನ ಧೂಳು ತೆಗೆಯುವುದು, ರ‍್ಯಾಮ್ ಸೇರಿಸುವುದು, ಎಸ್‌ಎಸ್‌ಡಿ ಹಾಕುವುದು. ಕಂಪನಿಯ ಪಟ್ಟಿಯಲ್ಲಿದ್ದರೆ ಬ್ಯಾಟರಿಯನ್ನೂ ಸೇರಿಸಿಕೊಳ್ಳಿ.

ಪ್ರೊಸೆಸರಿನ ಬಿಸಿ ಹೊರಹಾಕುವ ಹೀಟ್‌ಸಿಂಕ್ ಕಿತ್ತು ಅದರಡಿಯ ಥರ್ಮಲ್ ಪೇಸ್ಟ್ ಬದಲಿಸುವುದು, ಡಿಸ್‌ಪ್ಲೇ ಬಿಚ್ಚುವುದು, ಮದರ್‌ಬೋರ್ಡ್ ಎತ್ತುವುದು ಇವನ್ನೆಲ್ಲ ವಾರಂಟಿ ಮುಗಿಯುವವರೆಗೆ ಬಿಡಿ. ಅಲ್ಲಿ ಒಂದು ಗೀರು ಬಿದ್ದರೂ ಕಂಪನಿಯವರು ಅದನ್ನು ನಿಮ್ಮ ಲೆಕ್ಕಕ್ಕೇ ಬರೆಯುತ್ತಾರೆ.

ನಿಮ್ಮ ಮಾಡೆಲಿನಲ್ಲಿ ರ‍್ಯಾಮ್ ಸೇರಿಸಲು ಜಾಗವಿದೆಯೇ ಎಂಬುದನ್ನೂ ಬಿಚ್ಚುವ ಮೊದಲೇ ನೋಡಿ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆಪಲ್‌ನ ಎಂ1 ಮತ್ತು ಅದರ ನಂತರದ ಮ್ಯಾಕ್‌ಬುಕ್‌ಗಳಲ್ಲಿ ರ‍್ಯಾಮ್ ಚಿಪ್ಪಿನ ಜೊತೆಯಲ್ಲೇ ಕೂತಿರುತ್ತದೆ, ಸೇರಿಸುವ ಮಾತೇ ಇಲ್ಲ. ಡೆಲ್, ಎಚ್‌ಪಿ, ಲೆನೊವೊ ತಮ್ಮ ಹೆಚ್ಚಿನ ಮಾಡೆಲ್‌ಗಳನ್ನು ಬಿಚ್ಚುವ ವಿಧಾನದ ಪುಸ್ತಕವನ್ನು ವೆಬ್‌ಸೈಟಿನಲ್ಲಿ ಉಚಿತವಾಗಿ ಇಟ್ಟಿವೆ. ‘ಸರ್ವಿಸ್ ಮ್ಯಾನುಯಲ್’ ಎಂದು ಹುಡುಕಿ, ನಿಮ್ಮದೇ ಮಾಡೆಲಿನ ಪಿಡಿಎಫ್ ಇಳಿಸಿಕೊಳ್ಳಿ. ಯಾವ ಸ್ಕ್ರೂ ಎಷ್ಟು ಉದ್ದ, ಮುಚ್ಚಳ ಯಾವ ಮೂಲೆಯಿಂದ ಏಳುತ್ತದೆ ಎಲ್ಲ ಅದರಲ್ಲಿ ಚಿತ್ರಸಹಿತ ಇರುತ್ತದೆ. ಫೋನಿನಲ್ಲಿ ಅದನ್ನು ತೆರೆದಿಟ್ಟುಕೊಂಡೇ ಕೂರಿ.

ಹಂತ 3: ಬ್ಯಾಕಪ್ ಮತ್ತು ಬಿಟ್‌ಲಾಕರ್ ಕೀ

ಬ್ಯಾಕಪ್ ಎಲ್ಲರಿಗೂ ಗೊತ್ತು. ಬಿಟ್‌ಲಾಕರ್, ಅಂದರೆ ಡ್ರೈವಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ, ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ತನ್ನಷ್ಟಕ್ಕೆ ಎನ್‌ಕ್ರಿಪ್ಟ್ ಆಗಿರುತ್ತದೆ. ಬಯೋಸ್ (ವಿಂಡೋಸ್‌ಗಿಂತ ಮೊದಲು ಚಾಲೂ ಆಗುವ, ಬೋರ್ಡಿನೊಳಗಿನ ತಂತ್ರಾಂಶ) ಸೆಟ್ಟಿಂಗ್ ಬದಲಾದರೆ, ಬೋರ್ಡ್ ಬದಲಾದರೆ ಅಥವಾ ಡ್ರೈವನ್ನು ಬೇರೆ ಲ್ಯಾಪ್‌ಟಾಪ್‌ಗೆ ಹಾಕಿದರೆ ನೀಲಿ ಪರದೆ ಬಂದು 48 ಅಂಕೆಗಳ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಮಕ್ಕಳ ಫೋಟೋಗಳಿಂದ ಹಿಡಿದು ಸೊಸೈಟಿಯ ಲೆಕ್ಕದವರೆಗೆ ಏನೂ ಸಿಗುವುದಿಲ್ಲ.

ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಈ ಕೀ ಇರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದೇ ಲ್ಯಾಪ್‌ಟಾಪಿನಲ್ಲಿ ಸೇವ್ ಮಾಡಿದರೆ ಪ್ರಯೋಜನವಿಲ್ಲ.

ಹಂತ 4: ಬೇಕಾಗುವ ಸಾಮಾನು

ಪಿಎಚ್ 0 ಮತ್ತು ಪಿಎಚ್ 00 ಅಳತೆಯ ಒಳ್ಳೆಯ ಪ್ಲಸ್ ಸ್ಕ್ರೂಡ್ರೈವರ್. ಕೆಲವು ಮಾಡೆಲ್‌ಗಳಿಗೆ ನಕ್ಷತ್ರದಾಕಾರದ ಟಾರ್ಕ್ಸ್ ಟಿ5, ಮ್ಯಾಕ್‌ಬುಕ್‌ಗೆ ಪೆಂಟಲೋಬ್ ಪಿ5. ಇದರಲ್ಲಿ ಜಿಪುಣತನ ಬೇಡ. ಅಗ್ಗದ ಸ್ಕ್ರೂಡ್ರೈವರಿನ ತುದಿ ಮೆತ್ತಗಿರುತ್ತದೆ, ಸ್ಕ್ರೂ ತಲೆಯನ್ನೂ ಸವೆಸುತ್ತದೆ.

ಮುಚ್ಚಳ ಎಬ್ಬಿಸಲು ಪ್ಲಾಸ್ಟಿಕ್ ಪಿಕ್, ಅಂದರೆ ಗಿಟಾರ್ ನುಡಿಸುವ ಚೂರು. ಚಾಕು, ಕತ್ತರಿ, ಸ್ಟೀಲ್ ಚಮಚ ಯಾವುದೂ ಬೇಡ. ಅಂಚಿನಲ್ಲಿ ಲೋಹದ ಗೀರು ಬಿದ್ದರೆ ಸರ್ವಿಸ್ ಸೆಂಟರಿನವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಇದಲ್ಲದೆ ಮೆತ್ತನೆಯ ಬ್ರಶ್, 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ದೊಡ್ಡ ಬಿಳಿ ಹಾಳೆ, ಸೆಲ್ಲೋಟೇಪ್. ಹೊಸ ಭಾಗದ ಬಿಲ್ಲನ್ನೂ ಈಗಲೇ ಒಂದು ಕವರಿಗೆ ಹಾಕಿಡಿ.

ಹಂತ 5: ಹೊತ್ತು, ಜಾಗ, ಹವೆ

ಸಾಧ್ಯವಿದ್ದರೆ ಮಿರ್ಗದ ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿಸಿ. ಮಳೆಗಾಲದಲ್ಲಿ ಮಾಡಲೇಬೇಕಾದರೆ ಹಗಲು ಹೊತ್ತು ಮಾಡಿ. ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು, ಮೊಬೈಲ್ ಟಾರ್ಚಿನ ಬೆಳಕಲ್ಲಿ 2 ಮಿಲಿಮೀಟರ್ ಸ್ಕ್ರೂ ಹುಡುಕುವ ಪಾಡು ಬೇಡ.

ಎಸಿ ಕೋಣೆಯಿಂದ ತಂದ ಲ್ಯಾಪ್‌ಟಾಪನ್ನು ಕೂಡಲೇ ಬಿಚ್ಚಬೇಡಿ. ಹೊರಗಿನ ಒದ್ದೆ ಗಾಳಿ ತಣ್ಣನೆಯ ಲೋಹಕ್ಕೆ ತಾಗಿದರೆ ಸಣ್ಣ ಹನಿ ಕಟ್ಟುತ್ತದೆ. ಒಂದು ತಾಸು ಹಾಗೇ ಬಿಡಿ. ಹಣೆಯ ಬೆವರು ಒರೆಸಲು ಹೆಗಲ ಮೇಲೆ ಟವೆಲ್ ಇರಲಿ, ಬೆವರೂ ಉಪ್ಪುನೀರೇ ಅಲ್ವಾ. ಸೀಲಿಂಗ್ ಫ್ಯಾನ್ ಆಫ್ ಮಾಡಿ, ಇಲ್ಲದಿದ್ದರೆ ಹಾಳೆ ಹಾರಿ ಸ್ಕ್ರೂಗಳೆಲ್ಲ ಕಲಸಿಹೋಗುತ್ತವೆ.

ಕರಾವಳಿಯ ತೇವದಲ್ಲಿ ಸ್ಟ್ಯಾಟಿಕ್ ಕರೆಂಟಿನ ಭಯ ಕಡಿಮೆ. ಡಿಸೆಂಬರ್, ಜನವರಿಯಲ್ಲಿ ಶಿರಸಿ ಕಡೆ ಗಾಳಿ ಒಣಗಿದಾಗ ಇದನ್ನು ಗಂಭೀರವಾಗಿ ತಗೊಳ್ಳಬೇಕು. ಹತ್ತಿ ಬಟ್ಟೆ ಹಾಕಿಕೊಳ್ಳಿ, ಚಾಪೆ ಅಥವಾ ಕಾರ್ಪೆಟ್ ಮೇಲೆ ಕೂರಬೇಡಿ, ಒಳಗೆ ಕೈಹಾಕುವ ಮೊದಲು ಕಿಟಕಿಯ ಕಬ್ಬಿಣದ ಸರಳನ್ನೊಮ್ಮೆ ಮುಟ್ಟಿ.

ಹಂತ 6: ಸ್ಕ್ರೂ ಬಿಚ್ಚುವುದು

ಬ್ಯಾಟರಿ ಚಾರ್ಜ್ 25 ಪ್ರತಿಶತಕ್ಕಿಂತ ಕೆಳಗಿಳಿಯುವವರೆಗೆ ಬಳಸಿ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿ, ಆಗ ವಿಂಡೋಸ್ ಪೂರ್ತಿ ಬಂದ್ ಆಗುತ್ತದೆ. ಚಾರ್ಜರ್, ಪೆನ್‌ಡ್ರೈವ್, ಮೌಸ್ ಡಾಂಗಲ್ ಕಿತ್ತಿಡಿ. ಮೆಮೊರಿ ಕಾರ್ಡಿನ ಜಾಗದಲ್ಲಿ ಪ್ಲಾಸ್ಟಿಕ್ ತುಂಡು ಇದ್ದರೆ ಅದನ್ನೂ ತೆಗೆಯಿರಿ. ಅದನ್ನು ಮರೆತು ಮುಚ್ಚಳ ಎಳೆದರೆ ಸ್ಲಾಟೇ ಮುರಿಯುತ್ತದೆ.

ತಳದ ಫೋಟೋ, ನಾಲ್ಕೂ ಅಂಚಿನ ಫೋಟೋ ತೆಗೆಯಿರಿ. ಇಲ್ಲಿಂದ ಮುಂದೆ ಒಂದು ಫೋನನ್ನು ವಿಡಿಯೋಗೆ ಇಟ್ಟುಬಿಡಿ.

ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆಯಿರಿ. ಪ್ರತಿ ಸ್ಕ್ರೂ ಬಿಚ್ಚಿದಂತೆ ಅದೇ ಜಾಗದಲ್ಲಿ ಟೇಪಿನಿಂದ ಅಂಟಿಸಿ. ಇದು ಸ್ಕ್ರೂ ಕಳೆಯದಿರಲಿ ಅಂತ ಮಾತ್ರ ಅಲ್ಲ. ಅವುಗಳ ಉದ್ದ ಬೇರೆ ಬೇರೆ. ಸಾಮಾನ್ಯವಾಗಿ ಹಿಂಜ್ ಕಡೆಯವು ಉದ್ದ, ಕೈ ಇಡುವ ಕಡೆಯವು ಗಿಡ್ಡ. ಗಿಡ್ಡ ತೂತಿಗೆ ಉದ್ದ ಸ್ಕ್ರೂ ತಿರುವಿದರೆ ಅದು ಮೇಲಿನ ಪ್ಲಾಸ್ಟಿಕ್ಕನ್ನು ಒಳಗಿನಿಂದ ಎಬ್ಬಿಸುತ್ತದೆ, ಕೆಲವೊಮ್ಮೆ ಬೋರ್ಡಿಗೇ ತಾಗುತ್ತದೆ. ಕೀಬೋರ್ಡ್ ಪಕ್ಕ ಸಣ್ಣ ಗುಳ್ಳೆಯ ಹಾಗೆ ಎದ್ದಿದ್ದು ಕಂಡರೆ ಕಾರಣ ಹೆಚ್ಚಾಗಿ ಇದೇ.

ಕಡಲ ಹತ್ತಿರದ ಮನೆಗಳ ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೂ ತಲೆಯ ಪ್ಲಸ್ ಗೆರೆಯೊಳಗೆ ಕಂದು ಪುಡಿ ಕೂತಿರುತ್ತದೆ. ಹಾಗೇ ತಿರುವಿದರೆ ಸ್ಕ್ರೂಡ್ರೈವರ್ ಮೇಲೆಯೇ ಜಾರಿ ಗೆರೆ ಸವೆಯುತ್ತದೆ. ಮೊದಲು ಒಣ ಬ್ರಶ್‌ನಿಂದ ಪುಡಿ ತೆಗೆಯಿರಿ. ಆಮೇಲೆ ಸ್ಕ್ರೂಡ್ರೈವರನ್ನು ನೇರ ನಿಲ್ಲಿಸಿ, ಅಂಗೈಯಿಂದ ಕೆಳಕ್ಕೆ ಗಟ್ಟಿಯಾಗಿ ಒತ್ತಿ, ಒತ್ತಿದ್ದನ್ನು ಬಿಡದೆ ನಿಧಾನ ತಿರುವಿ. ತಿರುವುವುದಕ್ಕಿಂತ ಒತ್ತುವುದು ಜಾಸ್ತಿ ಇರಬೇಕು. ‘ಟಿಕ್’ ಎಂದು ಒಮ್ಮೆ ಬಿಟ್ಟುಕೊಂಡರೆ ಮುಂದೆ ಸಲೀಸು. ಕೆಲವು ಸ್ಕ್ರೂಗಳಿಗೆ ಕಾರ್ಖಾನೆಯಲ್ಲೇ ನೀಲಿ ಅಂಟು ಹಾಕಿರುತ್ತಾರೆ, ಅವೂ ಮೊದಲು ಬಿಗಿಯಾಗಿಯೇ ಇರುತ್ತವೆ. ತುಕ್ಕು ಬಿಡಿಸುವ ಸ್ಪ್ರೇ, ತೆಂಗಿನೆಣ್ಣೆ ಹಾಕಬೇಡಿ, ಅದು ಒಳಗೆ ಇಳಿದು ಬೋರ್ಡಿನ ಮೇಲೆ ಹರಡುತ್ತದೆ.

ಎರಡು ಸಲ ಜಾರಿತು ಎಂದರೆ ಅಲ್ಲಿಗೆ ನಿಲ್ಲಿಸಿ. ಒಂದು ಸವೆದ ಸ್ಕ್ರೂ ಇಟ್ಟುಕೊಂಡು ಸರ್ವಿಸ್‌ಗೆ ಹೋದರೆ ಮಾತಾಡಬಹುದು. ಡ್ರಿಲ್ ಹಾಕಿದ ತೂತು ಇಟ್ಟುಕೊಂಡು ಹೋದರೆ ಮಾತೇ ಇಲ್ಲ.

ಹಂತ 7: ಮುಚ್ಚಳ ಎಬ್ಬಿಸುವುದು

ಎಲ್ಲ ಸ್ಕ್ರೂ ಬಂದರೂ ಮುಚ್ಚಳ ಅಲ್ಲಾಡದಿದ್ದರೆ ಬಲ ಹಾಕಬೇಡಿ, ಇನ್ನೂ ಸ್ಕ್ರೂ ಉಳಿದಿದೆ. ರಬ್ಬರ್ ಕಾಲುಗಳ ಕೆಳಗೆ ನೋಡಿ, ಮ್ಯಾನುಯಲ್ ನೋಡಿ. ಕೆಲವು ಸ್ಕ್ರೂಗಳು ಸಡಿಲವಾದರೂ ಹೊರಗೆ ಬರುವುದಿಲ್ಲ, ಮುಚ್ಚಳಕ್ಕೇ ಅಂಟಿಕೊಂಡಿರುತ್ತವೆ. ಅವನ್ನು ಎಳೆಯಲು ಹೋಗಬೇಡಿ.

ಹೆಚ್ಚಿನ ಮಾಡೆಲ್‌ಗಳಲ್ಲಿ ಹಿಂಜ್ ಹತ್ತಿರದ ಮೂಲೆಯಿಂದ ಶುರು ಮಾಡುವುದು ಸುಲಭ. ಪಿಕ್‌ನ ತುದಿಯನ್ನಷ್ಟೇ ಸಂದಿಯಲ್ಲಿ ತೂರಿಸಿ, ಅಂಚಿನ ಗುಂಟ ಸರಿಸುತ್ತ ಹೋಗಿ. ಕ್ಲಿಪ್ ಬಿಡುವ ಸದ್ದು ಒಂದೊಂದಾಗಿ ಕೇಳುತ್ತದೆ. ಪಿಕ್ ಆಳಕ್ಕೆ ಹೋದರೆ ಕೇಬಲ್ಲಿಗೋ ಬ್ಯಾಟರಿಗೋ ತಾಗಬಹುದು. ಯುಎಸ್‌ಬಿ, ಎಚ್‌ಡಿಎಂಐ ಇರುವ ಬದಿಯನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿನ ಪ್ಲಾಸ್ಟಿಕ್ ತೀರ ತೆಳು, ಮುರಿಯುವುದೆಲ್ಲ ಅಲ್ಲೇ.

ಮುಚ್ಚಳ ಬಿಟ್ಟುಕೊಂಡ ಕೂಡಲೇ ಎತ್ತಿಬಿಡಬೇಡಿ. ಒಂದು ಬದಿ ಬೆರಳಿನಷ್ಟು ಎತ್ತಿ ಒಳಗೆ ಇಣುಕಿ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಮುಚ್ಚಳಕ್ಕೂ ಬೋರ್ಡಿಗೂ ನಡುವೆ ಪಟ್ಟಿಯಂಥ ಕೇಬಲ್ ಇರುತ್ತದೆ.

ಹಂತ 8: ಬ್ಯಾಟರಿ ಕನೆಕ್ಟರ್, ಬೇರೆ ಎಲ್ಲಕ್ಕಿಂತ ಮೊದಲು

ಒಳಗೆ ಏನನ್ನೂ ಮುಟ್ಟುವ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಲ್ಯಾಪ್‌ಟಾಪ್ ಆಫ್ ಇದ್ದರೂ ಬೋರ್ಡಿನಲ್ಲಿ ಕರೆಂಟ್ ಇರುತ್ತದೆ. ಆಗ ಒಂದು ಸ್ಕ್ರೂ ಬೋರ್ಡ್ ಮೇಲೆ ಬಿದ್ದರೂ ಶಾರ್ಟ್ ಆಗಬಹುದು. ಲೆನೊವೊದ ಥಿಂಕ್‌ಪ್ಯಾಡ್‌ಗಳಲ್ಲಿ ಬಯೋಸ್‌ನೊಳಗೇ ಬ್ಯಾಟರಿಯನ್ನು ತಾತ್ಕಾಲಿಕವಾಗಿ ಬಂದ್ ಮಾಡುವ ಆಯ್ಕೆ ಇದೆ. ಇದ್ದರೆ ಬಿಚ್ಚುವ ಮೊದಲೇ ಬಳಸಿ.

ಕನೆಕ್ಟರ್ ಯಾವ ಥರದ್ದು ಎಂದು ಸರಿಯಾಗಿ ನೋಡಿ. ಕೆಲವು ಬೋರ್ಡಿನ ಮೇಲೆ ಮಲಗಿರುತ್ತವೆ, ವೈರಿನ ಕಡೆಗೆ ಅಡ್ಡಲಾಗಿ ಜಾರಿಸಬೇಕು. ಕೆಲವು ಮೇಲಿನಿಂದ ಒತ್ತಿ ಕೂರಿಸಿದವು, ನೇರ ಮೇಲಕ್ಕೆ ಏಳುತ್ತವೆ. ಕೆಲವಕ್ಕೆ ತಂತಿಯ ಕೊಂಡಿ ಇರುತ್ತದೆ, ಮೊದಲು ಅದನ್ನು ಮಗುಚಬೇಕು. ಯಾವುದನ್ನೂ ವೈರ್ ಹಿಡಿದು ಎಳೆಯಬೇಡಿ. ಪ್ಲಾಸ್ಟಿಕ್ ತಲೆಯ ಎರಡೂ ಬದಿಗೆ ಉಗುರು ಕೊಟ್ಟು, ಒಮ್ಮೆ ಈ ಬದಿ, ಒಮ್ಮೆ ಆ ಬದಿ ಕೂದಲೆಳೆಯಷ್ಟು ಸರಿಸುತ್ತ ಹೊರತೆಗೆಯಿರಿ. ಆಮೇಲೆ ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟೂ ಹೋಗುತ್ತದೆ.

ಬ್ಯಾಟರಿ ಉಬ್ಬಿದೆಯೇ ನೋಡಿ. ಟಚ್‌ಪ್ಯಾಡ್ ಎದ್ದಿರುವುದು, ಟೇಬಲ್ ಮೇಲೆ ಲ್ಯಾಪ್‌ಟಾಪ್ ಕುಂಟುವುದು, ಮುಚ್ಚಳದ ಸಂದಿ ತೆರೆದುಕೊಂಡಿರುವುದು ಅದರ ಗುರುತು. ಇಂಥದ್ದು ಕಂಡರೆ ಅದನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ಚುಚ್ಚಿದರೆ ಬೆಂಕಿ ಹತ್ತುತ್ತದೆ. ಫೋಟೋ ತೆಗೆದು ಕಂಪನಿಗೆ ಕಳಿಸಿ. ಹಳೆ ಬ್ಯಾಟರಿಯನ್ನು ಪಂಚಾಯತಿ ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದ್ದು.

ಹಂತ 9: ಕೆಲಸಕ್ಕೆ ಮೊದಲು ಒಳಗನ್ನು ನೋಡಿ

ಕೈಹಾಕುವ ಮೊದಲು ಇಡೀ ಒಳಭಾಗದ ಫೋಟೋ ತೆಗೆಯಿರಿ. ಕನೆಕ್ಟರ್‌ಗಳ ಬುಡದಲ್ಲಿ ಬಿಳಿ ಅಥವಾ ಹಸಿರು ಪುಡಿ ಇದ್ದರೆ ಅದು ಉಪ್ಪುಗಾಳಿ ಮತ್ತು ತೇವದ ಕೆಲಸ. ಜಿರಲೆ ಮೊಟ್ಟೆ, ಇರುವೆ ಗೂಡು ಸಿಗುವುದೂ ಉಂಟು. ಕೆಲವು ಮಾಡೆಲ್‌ಗಳಲ್ಲಿ ಸಣ್ಣ ಬಿಳಿ ಚುಕ್ಕೆಯ ಸ್ಟಿಕ್ಕರ್ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ಅದು ಕೆಂಪಾಗಿದ್ದರೆ ಅಥವಾ ಹಸಿರು ಪುಡಿ ಬೋರ್ಡಿನ ತುಂಬ ಹರಡಿದ್ದರೆ ಏನನ್ನೂ ತೊಳೆಯದೆ, ಫೋಟೋ ತೆಗೆದು, ಹಾಗೇ ಮುಚ್ಚಿ. ನಿಮ್ಮ ಕೈ ಬೀಳುವ ಮೊದಲೇ ಹೀಗಿತ್ತು ಎಂದು ತೋರಿಸಲು ಆ ಫೋಟೋ ಒಂದೇ ಆಧಾರ.

ಹಂತ 10: ಫ್ಯಾನ್, ರ‍್ಯಾಮ್, ಎಸ್‌ಎಸ್‌ಡಿ

ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿಂದ ಹಿಡಿದುಕೊಂಡೇ ಬ್ರಶ್ ಆಡಿಸಿ. ನಮ್ಮ ಕಡೆಯ ಧೂಳು ಉಪ್ಪಿನ ತೇವ ಹೀರಿ ಜಿಗುಟಾಗಿರುತ್ತದೆ, ಊದಿದರೆ ಹೋಗುವುದಿಲ್ಲ. ಬಾಯಿಂದ ಊದಿದರಂತೂ ಎಂಜಲೂ ಸೇರುತ್ತದೆ. ಬ್ರಶ್‌ಗೆ ಒಂದೆರಡು ಹನಿ ಐಸೊಪ್ರೊಪೈಲ್ ತಾಗಿಸಿ ರೆಕ್ಕೆ ಒರೆಸಿ, ಒಣಗಲು ಬಿಡಿ. ಫ್ಯಾನ್ ಮತ್ತು ತಾಮ್ರದ ಜಾಲರಿಯ ನಡುವೆ ಹತ್ತಿಯಂತೆ ಕೂತ ಧೂಳನ್ನು ಚಿಮಟದಿಂದ ಎತ್ತಿ. ಪಂಕ್ಚರ್ ಅಂಗಡಿಯ ಅಥವಾ ಪೆಟ್ರೋಲ್ ಬಂಕಿನ ಗಾಳಿ ಹೊಡೆಸಬೇಡಿ. ಆ ಗಾಳಿಯಲ್ಲಿ ನೀರೂ ಎಣ್ಣೆಯೂ ಬರುತ್ತವೆ, ಒತ್ತಡಕ್ಕೆ ರೆಕ್ಕೆ ಮುರಿಯುತ್ತದೆ.

ರ‍್ಯಾಮ್‌ನಲ್ಲಿ ಡಿಡಿಆರ್4 ಜಾಗಕ್ಕೆ ಡಿಡಿಆರ್5 ಕೂರುವುದಿಲ್ಲ, ಕಚ್ಚು ಬೇರೆ ಕಡೆ ಇರುತ್ತದೆ. ಎರಡೂ ಬದಿಯ ಲೋಹದ ಕ್ಲಿಪ್ಪನ್ನು ಹೊರಕ್ಕೆ ಸರಿಸಿದರೆ ಹಳೆಯದು ತಾನೇ ಮೇಲೇಳುತ್ತದೆ. ಹೊಸದನ್ನು ಓರೆಯಾಗಿ ತೂರಿಸಿ, ಚಿನ್ನದ ಗೆರೆಗಳು ಹೆಚ್ಚುಕಮ್ಮಿ ಕಾಣದಂತೆ ಒಳಕ್ಕೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿ. ಎರಡೂ ಕ್ಲಿಪ್ ‘ಕಟಕ್’ ಎನ್ನಬೇಕು. ‘ರ‍್ಯಾಮ್ ಹಾಕಿದೆ, ಆನ್ ಆಗುತ್ತಿಲ್ಲ’ ಎನ್ನುವವರಲ್ಲಿ ಬಹಳ ಜನ ಅದನ್ನು ಪೂರ್ತಿ ಒಳಗೆ ತಳ್ಳದೆ ಒತ್ತಿರುತ್ತಾರೆ.

ಎಂ.2 ಎಸ್‌ಎಸ್‌ಡಿಯಲ್ಲಿ 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ನಿಮ್ಮದು 2242 ಜಾಗವಾದರೆ ಉದ್ದದ್ದು ಹಿಡಿಸುವುದಿಲ್ಲ. ಆ ಜಾಗ ಎನ್‌ವಿಎಂಇ ಥರದ ಎಸ್‌ಎಸ್‌ಡಿಗೋ ಸಾಟಾ ಥರದ್ದಕ್ಕೋ ಎಂಬುದನ್ನೂ ಮ್ಯಾನುಯಲ್ ನೋಡಿಯೇ ಕೊಳ್ಳಿ. ತುದಿಯ ಸ್ಕ್ರೂ ಬಿಚ್ಚಿದ ಕೂಡಲೇ ಅದು ಮೇಲೇಳುತ್ತದೆ, ಹೆದರಬೇಡಿ.

ತೆಗೆದ ಹಳೆ ರ‍್ಯಾಮ್, ಹಳೆ ಎಸ್‌ಎಸ್‌ಡಿ ಮಾರಬೇಡಿ. ಹೊಸದು ಬಂದ ಕವರಿನಲ್ಲೇ ಹಾಕಿ, ಸಿಲಿಕಾ ಜೆಲ್ ಪುಡಿಕೆಯ ಜೊತೆ ವಾರಂಟಿ ಮುಗಿಯುವವರೆಗೆ ಡಬ್ಬಿಯಲ್ಲಿಡಿ.

ಹಂತ 11: ಮುಚ್ಚುವುದು ಮತ್ತು ಮೊದಲ ಸಲ ಆನ್ ಮಾಡುವುದು

ಬ್ಯಾಟರಿ ಕನೆಕ್ಟರ್ ಕೊನೆಗೆ. ಅದನ್ನು ಹಾಕುವ ಮೊದಲು ಹಾಳೆಯ ಮೇಲಿನ ಸ್ಕ್ರೂಗಳನ್ನು ಎಣಿಸಿ, ಒಳಗೆ ಏನೂ ಬಿದ್ದಿಲ್ಲವೆಂದು ನೋಡಿಕೊಳ್ಳಿ. ಮುಚ್ಚಳ ಕೂರಿಸಿ, ಸುತ್ತ ಬೆರಳಿಂದ ಒತ್ತಿ ಕ್ಲಿಪ್ ಹಾಕಿ. ಸ್ಕ್ರೂ ಹಾಕುವ ಮೊದಲೇ ಒಮ್ಮೆ ಆನ್ ಮಾಡಿ ನೋಡಿ.

ಇಲ್ಲಿ ಬಹಳ ಜನ ಗಾಬರಿಯಾಗುತ್ತಾರೆ. ಬ್ಯಾಟರಿ ಕಿತ್ತು ಹಾಕಿದ ಮೇಲೆ ಎಷ್ಟೋ ಲ್ಯಾಪ್‌ಟಾಪ್‌ಗಳು ಚಾರ್ಜರ್ ಚುಚ್ಚುವವರೆಗೆ ಆನ್ ಆಗುವುದೇ ಇಲ್ಲ. ಚಾರ್ಜರ್ ಹಾಕಿ. ಹೊಸ ರ‍್ಯಾಮ್ ಹಾಕಿದ್ದರೆ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು, ಡಿಡಿಆರ್5ನಲ್ಲಿ ಇದು ಜಾಸ್ತಿ. ಮಧ್ಯದಲ್ಲಿ ಪವರ್ ಬಟನ್ ಒತ್ತಿ ಆಫ್ ಮಾಡಬೇಡಿ. ಬಯೋಸ್‌ನಲ್ಲಿ ರ‍್ಯಾಮ್, ಡ್ರೈವ್ ಎರಡೂ ಸರಿಯಾಗಿ ತೋರಿಸಿದರೆ ಆಫ್ ಮಾಡಿ, ಚಾರ್ಜರ್ ತೆಗೆದು, ಸ್ಕ್ರೂಗಳನ್ನು ಅವವೇ ಜಾಗಕ್ಕೆ ಹಾಕಿ. ಮೊದಲು ಎಲ್ಲವನ್ನೂ ಅರ್ಧ ತಿರುವಿ, ಆಮೇಲೆ ಬಿಗಿ ಮಾಡಿ. ತಡೆದಂತಾದ ಕೂಡಲೇ ನಿಲ್ಲಿಸಿ.

ಸುಟ್ಟ ವಾಸನೆ, ಫ್ಯಾನಿನಲ್ಲಿ ಕರಕರ ಸದ್ದು, ಒಂದೇ ಕಡೆ ಕೈ ಇಡಲಾಗದಷ್ಟು ಬಿಸಿ, ಈ ಮೂರರಲ್ಲಿ ಯಾವುದು ಕಂಡರೂ ಕೂಡಲೇ ಆಫ್ ಮಾಡಿ, ಚಾರ್ಜರ್ ಕಿತ್ತುಹಾಕಿ.

ಹಂತ 12: ಮುಂದೆ ಸರ್ವಿಸ್‌ಗೆ ಕೊಡಬೇಕಾಗಿ ಬಂದರೆ

ಕಂಪನಿಯ ಮೂಲ ರ‍್ಯಾಮ್, ಎಸ್‌ಎಸ್‌ಡಿ ವಾಪಸ್ ಹಾಕಿ ಒಯ್ಯಿರಿ. ಹೊರಗಿನ ಭಾಗಕ್ಕೆ ಅವರು ಹೊಣೆಯಲ್ಲ, ಅದರ ನೆಪದಲ್ಲಿ ಉಳಿದ ರಿಪೇರಿಯೂ ನಿಲ್ಲಬಹುದು. ಕೇಳಿದರೆ ಬಿಚ್ಚಿದ್ದನ್ನು ಹೇಳಿ, ಇಮೇಲ್ ಉತ್ತರ, ಫೋಟೋ, ವಿಡಿಯೋ ತೋರಿಸಿ. ಒಪ್ಪಿಸುವಾಗ ಜಾಬ್ ಶೀಟ್‌ನಲ್ಲಿ ಲ್ಯಾಪ್‌ಟಾಪಿನ ಹೊರ ಸ್ಥಿತಿ ಏನೆಂದು ಬರೆದಿದ್ದಾರೆ ಎಂದು ಓದಿಯೇ ಸಹಿ ಮಾಡಿ. ‘ಗೀರು ಇದೆ, ಮುಚ್ಚಳ ಸಡಿಲ’ ಎಂದು ಸುಳ್ಳು ಬರೆದಿದ್ದರೆ ಅಲ್ಲೇ ತಿದ್ದಿಸಿ.

ವಾರಂಟಿ ಇಲ್ಲ ಎಂದರೆ ಯಾವ ಷರತ್ತಿನ ಪ್ರಕಾರ ಇಲ್ಲ ಎಂದು ಬರಹದಲ್ಲಿ ಕೊಡಲು ಹೇಳಿ. ಆ ಕಾಗದ ಹಿಡಿದು ಕಂಪನಿಯ ಮೇಲಿನವರಿಗೆ ದೂರು ಕೊಡಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಶುರು ಮಾಡಿದ ರೈಟ್ ಟು ರಿಪೇರ್ ಪೋರ್ಟಲ್‌ನಲ್ಲಿ ಕಂಪನಿಗಳ ವಾರಂಟಿ ಮತ್ತು ರಿಪೇರಿ ಮಾಹಿತಿ ಒಂದೇ ಕಡೆ ಸಿಗುತ್ತದೆ. ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಲು ಆ ಕಾಯ್ದೆ ಅವಕಾಶ ಕೊಟ್ಟಿದೆ, ಲ್ಯಾಪ್‌ಟಾಪನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ಸರಿ, ಆನ್‌ಲೈನ್‌ನಲ್ಲಿ ತರಿಸಿದ್ದರೂ ಸರಿ.